ಹೊಸ ಗಪ್ಪಿ ಮೂರೇ ದಿನಕ್ಕೆ ಸಾಯುವುದೇಕೆ? ಕಾರಣ ದೃಷ್ಟಿಯಲ್ಲ, ನೀರು

ತರೀಕೆರೆಯಿಂದ ಶಿವಮೊಗ್ಗಕ್ಕೋ ಭದ್ರಾವತಿಗೋ ಹೋದಾಗ, ಮಕ್ಕಳ ಒತ್ತಾಯಕ್ಕೆ ಮಣಿದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕೈದು ಬಣ್ಣದ ಗಪ್ಪಿ ಮೀನು ತರುತ್ತೇವೆ. ಮನೆಗೆ ಬಂದವರೇ ಅಕ್ವೇರಿಯಂಗೆ ಸುರಿಯುತ್ತೇವೆ. ಮೊದಲ ದಿನ ಚೆನ್ನಾಗಿ ಓಡಾಡುತ್ತವೆ. ಎರಡನೇ ದಿನ ಮೂಲೆಯಲ್ಲಿ ಬಾಲ ಮುದುಡಿಕೊಂಡು ನಿಲ್ಲುತ್ತವೆ. ಮೂರನೇ ದಿನ ಬೆಳಿಗ್ಗೆ ಒಂದು ತೇಲುತ್ತಿರುತ್ತದೆ.

ಆಗ ಮನೆಯಲ್ಲಿ ಯಾರಾದರೂ ಒಬ್ಬರು ಹೇಳುವ ಮಾತು: "ಹೋಗಲಿ ಬಿಡು, ಮನೆಗೆ ಬರಬೇಕಿದ್ದ ಕೆಟ್ಟದ್ದನ್ನು ಮೀನು ಹೊತ್ತುಕೊಂಡು ಹೋಯಿತು." ಮನಸ್ಸಿಗೆ ಸಮಾಧಾನ ಕೊಡುವ ಮಾತೇನೋ ಹೌದು. ಆದರೆ ಅಲ್ಲಿಗೆ ಕಾರಣ ಹುಡುಕುವುದು ನಿಂತುಬಿಡುತ್ತದೆ. ಮುಂದಿನ ವಾರ ಮತ್ತೆ ನಾಲ್ಕು ಮೀನು ತಂದು ಅದೇ ತೊಟ್ಟಿಗೆ ಅದೇ ರೀತಿ ಸುರಿಯುತ್ತೇವೆ. ನಿಜವಾದ ಕಾರಣಗಳು ಕೆಲವೇ ಕೆಲವು. ಹೆಚ್ಚಿನವು ನೀರಿಗೆ ಸಂಬಂಧಿಸಿದವು, ಬಹುತೇಕ ತಪ್ಪಿಸಬಹುದಾದವು.

ಗಪ್ಪಿ ಗಟ್ಟಿ ಮೀನಲ್ಲವೇ?

ಹೌದು, ಆದರೆ ಎಲ್ಲ ಗಪ್ಪಿಗಳೂ ಅಷ್ಟೇ ಗಟ್ಟಿಯಲ್ಲ. ಗಪ್ಪಿಯ ಮೂಲ ಟ್ರಿನಿಡಾಡ್, ವೆನೆಜುವೆಲಾ, ಗಯಾನಾ ಕಡೆಯ ಹೊಳೆಗಳು. ಟ್ರಿನಿಡಾಡ್‌ನಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಮಾದರಿಗಳನ್ನು ಕಳುಹಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬವರ ಹೆಸರೇ ಮೀನಿಗೆ ಉಳಿದುಕೊಂಡಿತು. ಭಾರತಕ್ಕೆ ಇದು ಸುಮಾರು 1910ರ ಹೊತ್ತಿಗೆ ಬಂದದ್ದು ಅಲಂಕಾರಕ್ಕಲ್ಲ, ಸೊಳ್ಳೆ ಲಾರ್ವಾ ತಿನ್ನಿಸುವುದಕ್ಕೆ. ಇವತ್ತಿಗೂ ಕರ್ನಾಟಕದ ಆರೋಗ್ಯ ಇಲಾಖೆ ಮಲೇರಿಯಾ, ಡೆಂಗಿ ತಡೆಯಲು ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಾವಿ, ನೀರಿನ ತೊಟ್ಟಿಗಳಿಗೆ ಬಿಡಿಸುತ್ತದೆ.

ಆ ಸರ್ಕಾರಿ ಗಪ್ಪಿ ಬೂದು ಬಣ್ಣದ್ದು, ಕೊಳಕು ನೀರನ್ನೂ ತಡೆದುಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ದೊಡ್ಡ ಬಾಲದ ಬಣ್ಣದ ಗಪ್ಪಿಯನ್ನು ಹತ್ತಿರದ ಸಂಬಂಧಗಳಲ್ಲೇ ತಲೆಮಾರುಗಟ್ಟಲೆ ಕೂಡಿಸಿ ಬೆಳೆಸಿರುತ್ತಾರೆ. ಬಣ್ಣ ಬಂತು, ಆದರೆ ತಾಳಿಕೆ ಕಡಿಮೆಯಾಯಿತು. ಜೊತೆಗೆ ಅದು ಫಾರಂನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಲ್ಲಿಂದ ನಿಮ್ಮ ಮನೆಗೆ ಎಂದು ಕೆಲವೇ ದಿನಗಳಲ್ಲಿ ಮೂರು ನಾಲ್ಕು ಬಗೆಯ ನೀರು ಕಂಡಿರುತ್ತದೆ.

ಕವರು ತೇಲಿಸಿದರೆ ಸಾಕೇ?

ಕವರನ್ನು ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಿಸಿ ನಂತರ ಬಿಡಿ ಎಂದು ಅಂಗಡಿಯವರು ಹೇಳುತ್ತಾರೆ. ಅದು ಸರಿ, ಆದರೆ ಅರ್ಧ ಮಾತ್ರ. ತೇಲಿಸುವುದರಿಂದ ನೀರಿನ ಉಷ್ಣಾಂಶ ಒಂದಾಗುತ್ತದೆ. ಪಿಎಚ್ ಮತ್ತು ನೀರಿನ ಗಡಸುತನ ಒಂದಾಗುವುದಿಲ್ಲ. ಪಿಎಚ್ ಒಂದಂಕಿ ಬದಲಾದರೆ ಆಮ್ಲೀಯತೆ ಹತ್ತು ಪಟ್ಟು ಬದಲಾಯಿತೆಂದು ಅರ್ಥ. ಮೀನು ಕಿವಿರುಗಳ ಮೂಲಕ ನೀರಿನೊಂದಿಗೆ ಲವಣಗಳನ್ನು ಸದಾ ಕೊಟ್ಟು ತೆಗೆದುಕೊಳ್ಳುತ್ತಿರುತ್ತದೆ. ಈ ಬದಲಾವಣೆ ಒಮ್ಮೆಗೇ ಆದರೆ ಅದು ತಾಳಲಾರದು. ಕೆಲವು ಮೀನು ಆಗಲೇ ಸಾಯುತ್ತವೆ, ಕೆಲವು ಎರಡು ಮೂರು ದಿನ ಎಳೆದಾಡುತ್ತವೆ.

ಆದ್ದರಿಂದ ಕವರು ತೇಲಿಸಿದ ಮೇಲೆ ಬಾಯಿ ಬಿಚ್ಚಿ, ಐದು ಹತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟ ತೊಟ್ಟಿಯ ನೀರನ್ನು ಅದಕ್ಕೆ ಸೇರಿಸುತ್ತಾ ಹೋಗಿ. ಅರ್ಧ, ಮುಕ್ಕಾಲು ಗಂಟೆಯಲ್ಲಿ ಕವರಿನ ನೀರು ಎರಡು ಮೂರು ಪಟ್ಟಾಗಲಿ. ಆಮೇಲೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಿ. ಕವರಿನ ನೀರನ್ನು ತೊಟ್ಟಿಗೆ ಸುರಿಯಬೇಡಿ. ಅದರಲ್ಲಿ ಮೀನಿನ ಮಲಮೂತ್ರ ಮಾತ್ರವಲ್ಲ, ಅಂಗಡಿಯ ರೋಗಾಣುಗಳೂ ಇರಬಹುದು.

ಇದಕ್ಕೊಂದು ಅಪವಾದವಿದೆ. ಕೊರಿಯರ್‌ನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಮೀನಿಗೆ ಈ ನಿಧಾನ ಕ್ರಮ ಸಲ್ಲದು. ಮುಚ್ಚಿದ ಕವರಿನಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಇಳಿದ ಪಿಎಚ್‌ನಲ್ಲಿ ಅಮೋನಿಯಾ ಅಷ್ಟಾಗಿ ವಿಷವಾಗುವುದಿಲ್ಲ. ಕವರು ಬಿಚ್ಚಿದೊಡನೆ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ನೀರಿನಲ್ಲಿ ವಿಷಕಾರಿ ರೂಪದ ಅಮೋನಿಯಾ ಸುಮಾರು ಹತ್ತು ಪಟ್ಟಾಗುತ್ತದೆ. ಅಂಥ ಕವರನ್ನು ಬಿಚ್ಚದೆ ತೇಲಿಸಿ ಉಷ್ಣಾಂಶ ಸರಿಹೊಂದಿಸಿ, ಬಿಚ್ಚಿದ ಕೂಡಲೇ ಮೀನನ್ನು ಹೊಸ ನೀರಿಗೆ ದಾಟಿಸಬೇಕು. ಶಿವಮೊಗ್ಗದಿಂದ ಒಂದು ಗಂಟೆಯಲ್ಲಿ ತಂದ ಮೀನಿಗೆ ಈ ಭಯವಿಲ್ಲ.

ಕುಡಿಯಲು ಶುದ್ಧವಾದದ್ದು ಮೀನಿಗೂ ಒಳ್ಳೆಯದೇ?

ನಮ್ಮ ಕಡೆ ನೀರು ಒಂದೇ ತರಹದ್ದಲ್ಲ. ಮಲೆನಾಡಿನ ಅಂಚಿನ ಲಕ್ಕವಳ್ಳಿ ಕಡೆಯ ಹೊಳೆ ನೀರು ಮೆದು. ಅಜ್ಜಂಪುರ, ಕಡೂರಿನ ಬಯಲಿಗೆ ಹೋದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುವ ಗಡಸು ಬೋರ್‌ವೆಲ್ ನೀರು. ಗಡಸು ನೀರು ಮೀನಿಗೆ ಆಗುವುದಿಲ್ಲವೆಂದು ಆರ್‌ಓ ನೀರು ತುಂಬಿಸುವವರಿದ್ದಾರೆ. ಗಪ್ಪಿಯ ವಿಷಯದಲ್ಲಿ ಇದು ತಲೆಕೆಳಗು. ಗಪ್ಪಿಗೆ ಬೇಕಾದದ್ದು 7ರಿಂದ 8ರೊಳಗಿನ ಪಿಎಚ್, ಖನಿಜಗಳಿರುವ ಸ್ವಲ್ಪ ಗಡಸು ನೀರು. ಖನಿಜವೆಲ್ಲ ತೆಗೆದ ಆರ್‌ಓ ನೀರಿನಲ್ಲಿ ಪಿಎಚ್ ನಿಲ್ಲುವುದೇ ಇಲ್ಲ. ಹೆಚ್ಚಿನ ಬೋರ್‌ವೆಲ್ ನೀರು ಗಪ್ಪಿಗೆ ಒಗ್ಗುತ್ತದೆ.

ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿಕ್ಲೋರಿನ್ ಹನಿ ಹಾಕಿ ಬಳಸಿ.

ತಿಳಿನೀರು ಎಂದರೆ ಒಳ್ಳೆಯ ನೀರೇ?

ಹೊಸ ಮೀನು ಬರುತ್ತದೆಂದು ತೊಟ್ಟಿಯನ್ನು ಹೊರಗೆ ತಂದು ಕಲ್ಲು, ಫಿಲ್ಟರ್ ಎಲ್ಲ ತಿಕ್ಕಿ ತೊಳೆದು ಫಳಫಳ ಹೊಳೆಯಿಸುವುದು ದೊಡ್ಡ ತಪ್ಪು. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಫಿಲ್ಟರ್ ಮತ್ತು ಕಲ್ಲುಗಳ ಮೇಲಿರುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತಿಕ್ಕಿ ತೊಳೆದರೆ ಲೆಕ್ಕ ಮತ್ತೆ ಮೊದಲಿನಿಂದ. ಅಮೋನಿಯಾಗೆ ಬಣ್ಣವಿಲ್ಲ, ನೀರು ಕನ್ನಡಿಯಂತಿದ್ದರೂ ಮೀನಿನ ಕಿವಿರು ಸುಡುತ್ತಿರಬಹುದು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಫಿಲ್ಟರಿನ ಸ್ಪಂಜನ್ನು ತೆಗೆದ ಹಳೇ ನೀರಿನಲ್ಲೇ ಹಿಂಡಿ. ಕರೆಂಟ್ ಬಹಳ ಹೊತ್ತು ಹೋದಾಗಲೂ ಗಾಳಿಯಿಲ್ಲದೆ ಈ ಬ್ಯಾಕ್ಟೀರಿಯಾ ಸಾಯುತ್ತವೆ. ಅಂಥ ದಿನ ಆಹಾರ ಹಾಕಬೇಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಹಿಡಿಯುವುದು ಸುಮಾರು 57 ಲೀಟರ್. ಕಲ್ಲು, ಖಾಲಿ ಜಾಗ ಕಳೆದರೆ ಇನ್ನೂ ಕಡಿಮೆ. ಒಂದೇ ಸಲಕ್ಕೆ ಹನ್ನೆರಡು ಮೀನು ಸೇರಿಸಿದರೆ ಅಷ್ಟೂ ಕಸವನ್ನು ಸಂಭಾಳಿಸುವಷ್ಟು ಬ್ಯಾಕ್ಟೀರಿಯಾ ಅಲ್ಲಿರುವುದಿಲ್ಲ. ಮೂರು ನಾಲ್ಕರಂತೆ, ಎರಡು ಮೂರು ವಾರದ ಅಂತರದಲ್ಲಿ ಸೇರಿಸಿ.

ಬೇರೆ ತೊಟ್ಟಿಯಲ್ಲಿಡುವುದು ಅತಿಯಾಯಿತೇ?

ಹೊಸ ಮೀನು ತಾನೊಂದೇ ಸತ್ತರೆ ನಷ್ಟ ಸಣ್ಣದು. ರೋಗ ತಂದರೆ ವರ್ಷಗಳಿಂದ ಸಾಕಿದ ಮೀನುಗಳೂ ಹೋಗುತ್ತವೆ. ಮೈಮೇಲೆ ರವೆ ಚೆಲ್ಲಿದಂತೆ ಕಾಣುವ ಬಿಳಿಚುಕ್ಕೆ ರೋಗದ ಪರಾವಲಂಬಿ ಮೊದಲು ಕಣ್ಣಿಗೆ ಬೀಳುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಅದರ ಜೀವನಚಕ್ರ ಒಂದು ವಾರದೊಳಗೆ ಮುಗಿದರೆ, ಚಳಿಗಾಲದ ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಗಪ್ಪಿಯಂಥ ಮರಿ ಹಾಕುವ ಮೀನುಗಳಲ್ಲಿ ಹಿಂಭಾಗದಿಂದ ಕೆಂಪು ದಾರದಂತೆ ಇಣುಕುವ ಕಮಲ್ಲಾನಸ್ ಹುಳವೂ ಹೀಗೇ ಅಡಗಿ ಬರುತ್ತದೆ.

ಇದಕ್ಕೆ ದುಬಾರಿ ವ್ಯವಸ್ಥೆಯೇನೂ ಬೇಡ. 20 ಲೀಟರಿನ ಒಂದು ಪ್ಲಾಸ್ಟಿಕ್ ಟಬ್ಬು, ಹಳೇ ತೊಟ್ಟಿಯಲ್ಲಿ ಕೆಲವು ವಾರ ಓಡಿಸಿದ ಸ್ಪಂಜ್ ಫಿಲ್ಟರ್, ಬೇರೆಯದೇ ಆದ ಬಲೆ ಇದ್ದರೆ ಆಯಿತು. ಕನಿಷ್ಠ ಎರಡು ವಾರ, ಚಳಿಗಾಲದಲ್ಲಿ ನಾಲ್ಕು ವಾರ ಅಲ್ಲಿರಲಿ. ಮೊದಲ ದಿನ ಆಹಾರ ಬೇಡ, ಬೆಳಕೂ ಬೇಡ. ರೋಗ ಬಂದರೆ ಔಷಧಿಯನ್ನು ಟಬ್ಬಿಗಷ್ಟೇ ಹಾಕಿದರಾಯಿತು.

"ಒಂದು ಹಿಡಿ ಉಪ್ಪು ಹಾಕಿದರೆ ಎಲ್ಲ ಸರಿಹೋಗುತ್ತದೆ" ಎಂಬ ಸಲಹೆಯೂ ಉಂಟು. ಗಪ್ಪಿ ಉಪ್ಪನ್ನು ತಡೆದುಕೊಳ್ಳುತ್ತದೆ ನಿಜ. ಆದರೆ ಜೊತೆಯಲ್ಲಿರುವ ಗಿಡಗಳು, ಕೊರಿಡೋರಸ್‌ನಂಥ ಮೀನುಗಳು ತಡೆಯಲಾರವು. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ, ತೊಟ್ಟಿಯಲ್ಲೇ ಸೇರುತ್ತಾ ಹೋಗುತ್ತದೆ.

ಯಾರ ಜೊತೆ ಬಿಡಬೇಕು?

ಪ್ಲಾಟಿ, ಮೋಲಿ, ಜೀಬ್ರಾ ಡೇನಿಯೋ ಜೊತೆ ಗಪ್ಪಿ ಹೊಂದಿಕೊಳ್ಳುತ್ತದೆ. ಟೈಗರ್ ಬಾರ್ಬ್ ಬಾಲ ಕಚ್ಚುತ್ತದೆ, ಗಂಡು ಫೈಟರ್ ಮೀನು ಗಪ್ಪಿಯ ಉದ್ದ ಬಾಲ ಕಂಡು ಎದುರಾಳಿಯೆಂದು ಎರಗುತ್ತದೆ, ಏಂಜೆಲ್ ಮೀನಿಗೆ ಸಣ್ಣ ಗಪ್ಪಿ ಆಹಾರ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಇಲ್ಲದಿದ್ದರೆ ಗಂಡುಗಳು ಬೆನ್ನಟ್ಟಿ ಬೆನ್ನಟ್ಟಿ ಹೆಣ್ಣನ್ನು ಸುಸ್ತು ಮಾಡುತ್ತವೆ.

ಮರಿ ಬೇಡವೆಂದರೆ ಗಂಡುಗಳನ್ನಷ್ಟೇ ತನ್ನಿ. ಹೆಣ್ಣುಗಳನ್ನಷ್ಟೇ ತಂದರೂ ಮರಿ ತಪ್ಪುವುದಿಲ್ಲ. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಉಳಿಸಿಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ.

ಹೆಚ್ಚಾದರೆ ಕೆರೆಗೆ ಬಿಟ್ಟರೆ ಪುಣ್ಯವೇ?

ಮರಿ ಹೆಚ್ಚಾದಾಗ ಕೆರೆಗೋ ಭದ್ರಾ ಕಾಲುವೆಗೋ ಬಿಟ್ಟು, ಪಾಪದ ಮೀನು ಬದುಕಿಕೊಳ್ಳಲಿ ಎನ್ನುತ್ತೇವೆ. ಗಪ್ಪಿ ಬದುಕಿಕೊಳ್ಳುತ್ತದೆ, ತೊಂದರೆ ಇರುವುದು ಅಲ್ಲಿಯೇ. ಪರದೇಶದ ಈ ಮೀನು ನಮ್ಮ ಹೊಳೆಯ ಸಣ್ಣ ಮೀನುಗಳ ಆಹಾರಕ್ಕೆ ಪೈಪೋಟಿ ಕೊಡುತ್ತದೆ, ಅವುಗಳ ಮರಿಗಳನ್ನೂ ತಿನ್ನುತ್ತದೆ. ಅಂಗಡಿಯ ರೋಗಗಳೂ ಅದರ ಜೊತೆ ಹೊಳೆ ಸೇರುತ್ತವೆ. ಹೆಚ್ಚಾದ ಮೀನನ್ನು ಸಾಕುವವರಿಗೆ ಕೊಡಿ, ಇಲ್ಲವೇ ಅಂಗಡಿಗೆ ವಾಪಸು ಕೊಡಿ.

ಮುಂದಿನ ಸಲ ಹೊಸ ಗಪ್ಪಿ ಸತ್ತರೆ, ಕೆಟ್ಟದ್ದನ್ನು ಹೊತ್ತೊಯ್ದಿತು ಎಂದು ಕೈತೊಳೆದುಕೊಳ್ಳುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಎಲ್ಲಿಂದ ತಂದದ್ದು, ಎಷ್ಟು ಹೊತ್ತು ಕವರಿನಲ್ಲಿತ್ತು, ತೊಟ್ಟಿ ತೊಳೆದು ಎಷ್ಟು ದಿನವಾಗಿತ್ತು, ಎಷ್ಟು ಮೀನು ಒಟ್ಟಿಗೆ ಬಿಟ್ಟಿರಿ. ಎರಡು ಸಲ ಹೀಗೆ ಬರೆದರೆ ತಪ್ಪು ಎಲ್ಲಿದೆ ಎಂಬುದು ಬಹುಮಟ್ಟಿಗೆ ನಿಮಗೇ ತಿಳಿಯುತ್ತದೆ.