ಟೂರ್ನಿಯ ನಿಯಮದಲ್ಲಿ ಕಡಲೂ ಇರಲಿ

ಕಡಲತಡಿಯ ಕ್ರೀಡಾ ಬಾಂಧವರೇ,

ಮಳೆಗಾಲ ಕಳೆದು ಮರಳು ಒಣಗಿದರೆ ಸಾಕು, ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಟೂರ್ನಿಗಳು ಶುರು. ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ. ಫೈನಲ್ ಮುಗಿಯುವಾಗ ನಡುರಾತ್ರಿ. ಟ್ರೋಫಿ ಹೊತ್ತು ಎಲ್ಲರೂ ಮನೆಗೆ ಹೋಗುತ್ತೇವೆ. ಮರುದಿನ ಬೆಳಗ್ಗೆ ಅದೇ ಜಾಗಕ್ಕೆ ಬಂದು ನೋಡಿದ್ದೀರಾ? ಬೌಂಡರಿ ಗೆರೆಯುದ್ದಕ್ಕೂ ನೀರಿನ ಬಾಟಲಿ, ಅರ್ಧ ಹೂತ ಐಸ್‌ಕ್ರೀಂ ಕಪ್, ಗುಟ್ಕಾ ಪೊಟ್ಟಣ, ಕಂಬದಿಂದ ಹರಿದು ಬಿದ್ದ ಫ್ಲೆಕ್ಸಿನ ತುಂಡು. ಉಬ್ಬರ ಬಂದು ಅಷ್ಟನ್ನೂ ಎಳೆದುಕೊಂಡು ಹೋಗುತ್ತದೆ. ಜಾಗ ಚೊಕ್ಕಟವಾಯಿತು ಅಂದುಕೊಳ್ಳುತ್ತೇವೆ. ಕೈರಂಪಣಿ ಬಲೆ ಎಳೆಯುವವರನ್ನು ಕೇಳಿ, ಆ ಬಾಟಲಿಗಳು ಬೂತಾಯಿ ಮೀನಿನ ಜೊತೆ ಬಲೆಯಲ್ಲಿ ವಾಪಸ್ ಬರುತ್ತವೆ.

‘ಕಸ ಹಾಕಬೇಡಿ’ ಎಂಬ ಬೋರ್ಡು ಎಲ್ಲ ಬೀಚಿನಲ್ಲೂ ಇದೆ. ಹದಿನೈದರ ಹುಡುಗ ಬೋರ್ಡು ಓದುವುದಿಲ್ಲ, ಕ್ಯಾಪ್ಟನ್ ಹೇಳಿದ್ದನ್ನು ಮಾಡುತ್ತಾನೆ. ಕಡಲು ಉಳಿಸುವ ಮಾತು ಆಟದ ಅಂಗಣದಿಂದಲೇ ಹೊರಡಬೇಕು ಎಂದು ನಾವು ಹೇಳುವುದು ಇದಕ್ಕೇ.

ಆಟಗಾರರೇ ಹೀಗೆ ದನಿ ಎತ್ತಿದ ಉದಾಹರಣೆಯೂ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಸರ್ಫಿಂಗ್ ಮಾಡುತ್ತಿದ್ದವರು ಚರಂಡಿ ನೀರು ಸೇರಿದ ಕಡಲಿಗಿಳಿದು ಕಾಯಿಲೆ ಬಿದ್ದು ರೋಸಿಹೋಗಿ, 1990ರಲ್ಲಿ ‘ಸರ್ಫರ್ಸ್ ಅಗೇನ್ಸ್ಟ್ ಸೀವೇಜ್’ ಎಂಬ ಸಂಘ ಕಟ್ಟಿದರು. ವೆಟ್‌ಸೂಟಿನ ಮೇಲೆ ಗ್ಯಾಸ್‌ಮಾಸ್ಕ್ ತೊಟ್ಟು, ಸರ್ಫ್ ಹಲಗೆ ಹೊತ್ತು ಪ್ರತಿಭಟಿಸಿದರು. ಅವರ ಮಾತಿಗೆ ತೂಕ ಬಂದದ್ದು ಅವರ ಮೈಯೇ ಸಾಕ್ಷಿಯಾಗಿದ್ದರಿಂದ. ನಮ್ಮಲ್ಲೂ 2016ರಲ್ಲಿ ಮೂಲ್ಕಿ ಬಳಿಯ ಸಸಿಹಿತ್ಲು ಕಡಲಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು. ಮೂಲ್ಕಿಯ ಮಕ್ಕಳು ಇವತ್ತು ಅಲೆ ಏರುತ್ತಿದ್ದಾರೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವುದೂ ಅಲ್ಲೇ. ಮೇಲಿನ ಊರಿನ ತೋಡಿಗೆ ನಾವು ಎಸೆದದ್ದು ಮೊದಲು ತಾಗುವುದು ಆ ಮಕ್ಕಳ ಮೈಗೆ.

ಇನ್ನೊಂದು ಸಂಗತಿ ನಮ್ಮ ಎಷ್ಟೋ ಆಟಗಾರರಿಗೆ ಗೊತ್ತೇ ಇಲ್ಲ. ಟೂರ್ನಿಯ ಕಾಲವೇ ಕಡಲಾಮೆ ಮೊಟ್ಟೆಯಿಡುವ ಕಾಲ. ಆಲಿವ್ ರಿಡ್ಲಿ ಆಮೆ ರಾತ್ರಿ ದಡಕ್ಕೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಗುಂಡಿ ಮುಚ್ಚಿ ಹೋಗುತ್ತದೆ. ಸುಮಾರು 50 ದಿನಕ್ಕೆ ಮರಿಗಳು ಮರಳಿನಿಂದ ಮೇಲೇಳುತ್ತವೆ. ಬೆಳಕಿದ್ದ ಕಡೆ ಹೋಗುವುದು ಅವುಗಳ ಹುಟ್ಟುಗುಣ. ಕತ್ತಲ ದಡದಲ್ಲಿ ಮಿನುಗುವುದು ಕಡಲೊಂದೇ, ಹಾಗಾಗಿ ದಾರಿ ತಪ್ಪುವುದಿಲ್ಲ. ನಮ್ಮ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಅವು ಕಡಲಿಗೆ ಬೆನ್ನು ಹಾಕಿ ರಸ್ತೆಯತ್ತ ತೆವಳುತ್ತವೆ. ಅಂಗೈಯಲ್ಲಿ ಹಿಡಿಸುವಷ್ಟು ಮರಿಗಳು. ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆಗಳ ಪಾಲು.

ಆಟ ನಿಲ್ಲಿಸಿ ಎನ್ನುತ್ತಿಲ್ಲ. ನಾವೂ ಆಡುವವರೇ. ಆದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದಡದ ಪಂದ್ಯ ಹಗಲಲ್ಲೇ ಮುಗಿಯಲಿ. ನೀರಿಗೆ ಕ್ಯಾನ್ ಮತ್ತು ಸ್ಟೀಲ್ ಲೋಟ, ಫ್ಲೆಕ್ಸಿನ ಬದಲು ಬಟ್ಟೆಯ ಬ್ಯಾನರ್ ಸಾಕು. ಗೆದ್ದವರೂ ಸೋತವರೂ ಒಟ್ಟಿಗೆ ಅಂಗಣದ ಕಸ ಹೆಕ್ಕಿದ ಮೇಲೆಯೇ ಬಹುಮಾನ ವಿತರಣೆ ಆಗಲಿ. ಕಾಮೆಂಟರಿಯವರಿಗೆ ವಿಶೇಷ ವಿನಂತಿ: ನಿಮ್ಮ ಮೈಕ್ ಊರಿಡೀ ಕೇಳುತ್ತದೆ. ಎರಡು ಓವರ್‌ಗಳ ನಡುವೆ ಪ್ರಾಯೋಜಕರ ಹೆಸರಿನ ಜೊತೆ ಆಮೆಯ ವಿಷಯವನ್ನೂ ಹೇಳಿ. ದಡದಲ್ಲಿ ಮೊಟ್ಟೆಯ ಗುಂಡಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಲು ಹೇಳಿ.

ಮುಂದಿನ ಟೂರ್ನಿಯ ಪ್ರವೇಶಪತ್ರ ಅಚ್ಚಿಗೆ ಹೋಗುವ ಮೊದಲು ನಿಮ್ಮ ಯುವಕ ಮಂಡಲದ ಸಭೆಯಲ್ಲಿ ಈ ಹಾಳೆಯನ್ನು ಗಟ್ಟಿಯಾಗಿ ಓದಿ. ಒಪ್ಪಿದರೆ, ಅಲ್ಲೇ ನಿಯಮಾವಳಿಗೆ ಸೇರಿಸಿ.

— ಕಡಲತಡಿಯ ಕೆಲವು ಆಟಗಾರರು