ಕಲ್ಲುಗೋಡೆಗಳ ಋಣ

ವಿದೇಶ ಸಂಚಾರವು ಈಗ ಸಿರಿವಂತರಿಗೆ ಮಾತ್ರ ಮೀಸಲಾದ ಭಾಗ್ಯವಾಗಿ ಉಳಿದಿಲ್ಲ. ನಮ್ಮ ವಾಚಕರ ಮನೆಗಳಿಂದಲೇ ಎಷ್ಟೋ ಮಂದಿ ಯುರೋಪಿಗೆ ಹೋಗಿಬರುತ್ತಿದ್ದಾರೆ. ಅವರಲ್ಲಿ ಕೆಲವರು ಇಟಲಿಯ ವಾಯವ್ಯ ಕರಾವಳಿಯ ಚಿಂಕ್ವೆ ತೆರ್ರೆಯನ್ನು ಕಂಡು ಬಂದು, ಚಿತ್ರಗಳನ್ನು ತೋರಿಸಿ ಹಿಗ್ಗುವುದುಂಟು. ಆ ಹಿಗ್ಗು ಸಹಜವಾದದ್ದೇ. ಆದರೆ ಚಿತ್ರಗಳಲ್ಲಿ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದ ಒಂದು ಸಂಗತಿಯನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯವೆಂದು ನಮಗೆ ತೋರಿದೆ.

ಲಾ ಸ್ಪೆತ್ಸಿಯಾ ಪಟ್ಟಣದ ಆಚೆಗೆ, ಬೆಟ್ಟವು ನೆಟ್ಟಗೆ ಕಡಲಿಗಿಳಿಯುವ ಎಡೆಯಲ್ಲಿ, ರಿಯೊಮಜ್ಜೋರೆ, ಮಾನರೋಲಾ, ಕೊರ್ನೀಲ್ಯ, ವೆರ್ನಾತ್ಸಾ, ಮೊಂತೆರೊಸ್ಸೊ ಎಂಬ ಐದು ಸಣ್ಣ ಊರುಗಳಿವೆ. ಕೆಂಪು, ಹಳದಿ, ಗುಲಾಬಿ ಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು ನಿಂತಂತೆ ಕಾಣುತ್ತವೆ. ಕೊರ್ನೀಲ್ಯವಂತೂ ಕಡಲಿನಿಂದ ಸುಮಾರು 100 ಮೀಟರು ಎತ್ತರದ ಬಂಡೆಯ ನೆತ್ತಿಯಲ್ಲಿದೆ. ರೈಲಿನಿಂದಿಳಿದು ನಡೆದು ಹೋಗುವವನು ಮುನ್ನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಹತ್ತಬೇಕು.

ಇದೆಲ್ಲವನ್ನೂ ಪ್ರಕೃತಿಯ ಸೊಬಗೆಂದು ಹೊಗಳುವವರು ಅರ್ಧ ಸತ್ಯವನ್ನೇ ಹೇಳುತ್ತಾರೆ. ಆ ಬೆಟ್ಟಗಳನ್ನು ಸುಮಾರು ಸಾವಿರ ವರ್ಷಗಳಿಂದ ಅಲ್ಲಿಯ ರೈತರು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ, ದ್ರಾಕ್ಷಿಯನ್ನೂ ಆಲಿವನ್ನೂ ಬೆಳೆದರು. ಬಿಸಿಲಲ್ಲಿ ಬಾಡಿಸಿದ ಹಣ್ಣಿನಿಂದಾಗುವ ಶಕ್ಕೆತ್ರಾ ಎಂಬ ಸಿಹಿ ಮದ್ಯವು ಆ ನೆಲದ ಹೆಸರನ್ನು ದೂರಕ್ಕೆ ಒಯ್ದಿತು. 1997ರಲ್ಲಿ ಯುನೆಸ್ಕೊ ಸಂಸ್ಥೆಯು ಈ ತೀರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನ್ನಿಸಿದ್ದು ಮನುಷ್ಯನೂ ನೆಲವೂ ಕೂಡಿ ಮಾಡಿದ ಈ ಕೆಲಸವನ್ನೇ ಹೊರತು ಬರಿಯ ಕಡಲಿನ ನೀಲಿಯನ್ನಲ್ಲ.

ಗಾರೆಯಿಲ್ಲದಿರುವುದು ಆ ಗೋಡೆಯ ಬಡತನವಲ್ಲ, ಜಾಣತನ. ಮಳೆಯ ನೀರು ಕಲ್ಲುಗಳ ಸಂದಿಯಿಂದ ಇಳಿದು ಹೋಗುವುದರಿಂದ ಮಣ್ಣು ಉಬ್ಬಿ ಗೋಡೆಯನ್ನು ತಳ್ಳುವುದಿಲ್ಲ. ಆದರೆ ಜಾರಿದ ಕಲ್ಲನ್ನು ಮರಳಿ ಕೂರಿಸುವ ಕೈ ವರ್ಷವರ್ಷವೂ ಬೇಕು. ಆ ಕೈಗಳೇ ಕಡಿಮೆಯಾದುವು. 1874ರಲ್ಲಿ ಜಿನೋವಾದಿಂದ ಲಾ ಸ್ಪೆತ್ಸಿಯಾಕ್ಕೆ ರೈಲುಮಾರ್ಗವು ಪೂರ್ತಿಯಾಯಿತು. ಲಾ ಸ್ಪೆತ್ಸಿಯಾದ ನೌಕಾ ಕಾರ್ಖಾನೆಯಲ್ಲಿ ತಿಂಗಳ ಸಂಬಳ ದೊರೆಯಿತು. ಮಕ್ಕಳು ಬೆಟ್ಟದ ಬುಟ್ಟಿಯನ್ನು ಕೆಳಗಿಟ್ಟು ಪಟ್ಟಣ ಸೇರಿದರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೂ ಹೊಲ ಪಾಳು ಬಿತ್ತು, ಗೋಡೆ ಕುಸಿಯಿತು.

2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಬೆಟ್ಟವು ಜಾರಿ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊಗಳ ಬೀದಿಗಳು ಕೆಸರು ಕಲ್ಲುಗಳಡಿ ಹೂತುಹೋದುವು, ಪ್ರಾಣಹಾನಿಯೂ ಆಯಿತು. ಮಳೆ ಅಸಾಧಾರಣವಾದದ್ದು, ನಿಜ. ಆದರೆ ಉಳುಮೆ ಬಿಟ್ಟ ಮೆಟ್ಟಿಲುಹೊಲಗಳೇ ಜಾರುವುದಕ್ಕೆ ಹೆಚ್ಚು ಸುಲಭವಾದುವೆಂಬುದನ್ನು ಪರಿಶೀಲಿಸಿದವರು ಹೇಳಿದ್ದಾರೆ. ಮರುವರ್ಷ, 2012ರ ಸೆಪ್ಟೆಂಬರಿನಲ್ಲಿ, ರಿಯೊಮಜ್ಜೋರೆಯಿಂದ ಮಾನರೋಲಾಕ್ಕೆ ಹೋಗುವ ಪ್ರಸಿದ್ಧ ‘ಪ್ರೇಮಪಥ’ದಲ್ಲಿ ಬಂಡೆ ಉರುಳಿ ಪ್ರವಾಸಿಗಳು ಗಾಯಗೊಂಡರು, ಒಂದು ಕಿಲೋಮೀಟರೂ ಇಲ್ಲದ ಆ ದಾರಿಯನ್ನು ಪೂರ್ತಿಯಾಗಿ ತೆರೆಯುವ ಹೊತ್ತಿಗೆ 2024 ಬಂದಿತ್ತು.

ಪ್ರವಾಸಿಗಳು ಬಾರದಿದ್ದರೆ ಆ ಊರುಗಳ ಗತಿಯೇನೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದು. ಕೆಲವೇ ಸಾವಿರ ನಿವಾಸಿಗಳಿರುವಲ್ಲಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅವರ ಹಣದಿಂದಲೇ ಹಲವು ಮನೆಗಳ ಒಲೆ ಉರಿಯುತ್ತದೆ. ಆದರೆ ಹಣವು ಕಡಲ ಅಂಚಿನ ಕೋಣೆಗಳಲ್ಲಿಯೂ ಉಪಾಹಾರಗೃಹಗಳಲ್ಲಿಯೂ ನಿಲ್ಲುವುದೇ ಹೆಚ್ಚು. ಮೇಲಿನ ಗೋಡೆಯನ್ನು ಅದು ಹತ್ತುವುದು ವಿರಳ. ಕೋಣೆಯನ್ನು ಬಾಡಿಗೆಗೆ ಕೊಟ್ಟು ಸುಖವಾಗಿರಬಹುದಾದಾಗ ಕಲ್ಲು ಹೊರುವವನಾರು? ಯಾವ ನೋಟವನ್ನು ಮಾರಿ ಊರು ಬದುಕುತ್ತಿದೆಯೋ ಆ ನೋಟದ ಬೇರೇ ಸಡಿಲುತ್ತಿದೆ.

1999ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನದ ಅಧಿಕಾರವರ್ಗವು ಕಾಲುದಾರಿಗಳಿಗೆ ಶುಲ್ಕವಿಟ್ಟಿದೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಅದರಲ್ಲಿ ಗೊತ್ತಾದ ಒಂದು ಪಾಲು ಗೋಡೆ ಕಟ್ಟುವವನ ಕೂಲಿಗೆಂದೇ ಮೀಸಲಾಗಿ, ಲೆಕ್ಕವು ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಗಾರೆಯಿಲ್ಲದೆ ಕಲ್ಲು ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಗೌರವಿಸಿತಷ್ಟೆ. ಗೌರವಪತ್ರದಿಂದ ಗೋಡೆ ನಿಲ್ಲದು, ಕಲಿತ ಹುಡುಗನಿಗೆ ಅನ್ನ ದೊರೆತರೆ ನಿಂತೀತು.

ಹೋಗುವ ನಮ್ಮವರಲ್ಲಿಯೂ ಒಂದು ಬಿನ್ನಹ. ಹಡಗಿನಿಂದಿಳಿದು, ಚಿತ್ರ ತೆಗೆದು, ಸಂಜೆಯೊಳಗೆ ಮರಳುವ ಆತುರ ಬೇಡ. ಬೇಸಗೆಯ ನೂಕುನುಗ್ಗಲನ್ನು ಬಿಟ್ಟು ಹೋಗಿ ಎರಡು ರಾತ್ರಿ ಊರಿನವರ ಮನೆಯಲ್ಲಿ ತಂಗಿರಿ. ಆ ಬೆಟ್ಟದಲ್ಲಿ ಬೆಳೆದುದನ್ನೇ ಕೊಳ್ಳಿರಿ. ಗೋಡೆಯ ಮೇಲೆ ಹತ್ತಿ ಕಲ್ಲು ಕೀಳದಿರಿ. ಕಂಡ ಚೆಲುವಿಗೆ ಬೆಲೆ ಕೊಟ್ಟೆವೆಂದು ಚೀಟಿ ತೋರಿಸಿದ ಮಾತ್ರಕ್ಕೆ ಋಣ ತೀರದು. ಅದನ್ನು ಕಟ್ಟಿದವರ ಮೊಮ್ಮಕ್ಕಳು ಅದರ ಮೇಲೆಯೇ ನಿಂತು ಬಾಳುವಂತಾದರೆ ಮಾತ್ರ ತೀರೀತು.