ಬಿಟ್ಟ ಮಾತ್ರಕ್ಕೆ ಬದುಕಿತೇ?



ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಚಿತ್ರ ಕಳುಹಿಸಿದ್ದ. ಸೊಂಟಮಟ್ಟದ ನೀರಿನಲ್ಲಿ ನಿಂತು, ಬೆಳ್ಳಿಯ ಮೈಮೇಲೆ ಕಪ್ಪು ಗೆರೆಗಳಿರುವ ದೊಡ್ಡ ಸ್ಟ್ರೈಪ್ಡ್ ಬಾಸ್ ಮೀನೊಂದನ್ನು ಎತ್ತಿ ಹಿಡಿದು ನಗುತ್ತಿದ್ದಾನೆ. ಕೆಳಗೊಂದು ಸಾಲು: "ಸಾರ್, ಗಾಬರಿಯಾಗಬೇಡಿ. ಇಂದು ಹಿಡಿದ ಹದಿನಾಲ್ಕನ್ನೂ ಬಿಟ್ಟುಬಿಟ್ಟೆ." ಚಿತ್ರ ನೋಡಿದ ನಮ್ಮ ಬಂಧುಗಳು "ಎಂಥ ದಯಾಳು!" ಎಂದು ಕೊಂಡಾಡಿದರು. ನಾನು ಕೊಂಡಾಡಲಾರೆ.

ಆ ಆಟದ ಸೊಗಸನ್ನರಿಯದೆ ಆಡುವ ಮಾತಲ್ಲ ಇದು. 2022ರ ಜೂನ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಮಗಳ ಮನೆಯಲ್ಲಿದ್ದಾಗ, ಅಳಿಯನೊಡನೆ ನ್ಯೂಬರಿಪೋರ್ಟ್ ಬಳಿಯ ಮೆರಿಮ್ಯಾಕ್ ನದೀಮುಖಕ್ಕೆ ಹೋಗಿದ್ದೆ. ಇಳಿತದ ಹೊತ್ತು, ಜೊಪ್ಪಾ ಫ್ಲ್ಯಾಟ್ಸ್‌ನ ಕೆಸರುಬಯಲಿನ ಮೇಲೆ ಆಳವಿಲ್ಲದ ನೀರು. ಜಿಂಕೆಬಾಲದ ರೋಮವನ್ನು ಕೊಕ್ಕೆಗೆ ಬಿಗಿದು ಮಾಡಿದ ಕೃತಕ ಮೀನಿಗೆ ತೂಕವೇ ಇಲ್ಲವೆನ್ನಬಹುದು. ಅದನ್ನು ದೂರಕ್ಕೊಯ್ಯುವುದು ದಾರದ ಭಾರ. ಆ ದಾರ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬಿಚ್ಚಿಕೊಳ್ಳುವುದನ್ನು ನೋಡುತ್ತ ಮೈಮರೆತೆ.

ಮೀನು ಸಿಕ್ಕಿತು. ಅಳಿಯ ಎತ್ತಿ ತೋರಿಸಿ ಬಿಡಲು ಹೊರಟ. "ಇನ್ನೊಮ್ಮೆ ಎತ್ತಪ್ಪ, ಫೋಟೋ ಸರಿಯಾಗಿ ಬರಲಿಲ್ಲ" ಎಂದವನು ನಾನೇ. ಮೂರನೆಯ ಸಲ ಬಿಟ್ಟಾಗ ಅದು ಈಜಲಿಲ್ಲ. ಓರೆಯಾಗಿ ತೇಲುತ್ತ ನೀರಿನ ಸೆಳೆತಕ್ಕೆ ಸಿಕ್ಕಿ ಸಮುದ್ರದ ಕಡೆಗೆ ಹೋಯಿತು. ಅಳಿಯ ಮಾತಾಡಲಿಲ್ಲ. ಆ ಫೋಟೋ ಇಂದಿಗೂ ನನ್ನ ಬಳಿಯಿದೆ, ಯಾರಿಗೂ ತೋರಿಸಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಈ ಮೀನಿನ ಮೇಲ್ವಿಚಾರಣೆ ನಡೆಸುವ ಅಟ್ಲಾಂಟಿಕ್ ಸ್ಟೇಟ್ಸ್ ಮರೈನ್ ಫಿಶರೀಸ್ ಕಮಿಷನ್, ಹವ್ಯಾಸಿಗಳು ಬಿಟ್ಟ ಮೀನುಗಳಲ್ಲಿ ನೂರಕ್ಕೆ 9 ಸಾಯುತ್ತವೆಂದು ಗಣಿಸುತ್ತದೆ. 2017ರಲ್ಲಿ ಮನುಷ್ಯರ ಕೈಯಿಂದ ನಷ್ಟವಾದ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಸುಮಾರು ಶೇಕಡಾ 48 ಹೀಗೆ ಬಿಟ್ಟ ಮೇಲೆ ಸತ್ತವು. ಹವ್ಯಾಸಿಗಳು ಮನೆಗೊಯ್ದವು ಸುಮಾರು ಶೇಕಡಾ 42. ಕೊಂದವರಿಗಿಂತ ಕರುಣೆ ತೋರಿದವರ ಪಾಲೇ ಹೆಚ್ಚು! ದಿನಕ್ಕೆ ಹದಿನಾಲ್ಕರಂತೆ ಹತ್ತು ದಿನ ಹಿಡಿದು ಬಿಟ್ಟರೆ 140. ಆ ಸರಾಸರಿಯಂತೆ ಸಾಯುವವು ಹನ್ನೆರಡೋ ಹದಿಮೂರೋ. ಕಾನೂನು ಒಪ್ಪುವಂತೆ ದಿನಕ್ಕೊಂದನ್ನು ಹಿಡಿದು, ಅಷ್ಟಕ್ಕೇ ಮನೆಗೆ ಹೋಗಿ ಉಣ್ಣುವವನು ಹತ್ತು ದಿನಕ್ಕೆ ಕೊಲ್ಲುವುದು ಹತ್ತನ್ನು.

ಫ್ಲೈ ಕೊಕ್ಕೆ ಸಾಮಾನ್ಯವಾಗಿ ತುಟಿಗೆ ಸಿಕ್ಕುತ್ತದೆ, ಎರೆಯ ಕೊಕ್ಕೆಯಂತೆ ಗಂಟಲಿಗಿಳಿಯುವುದು ಕಡಿಮೆ ಎಂದು ನೀವು ವಾದಿಸಬಹುದು. ಒಪ್ಪಿದೆ. ನಿಗದಿತ ಅಳತೆಗೆ ಹೊರತಾದ ಮೀನನ್ನು ಬಿಡಲೇಬೇಕೆಂಬ ಕಾನೂನಿದೆ, ಅದೂ ನಿಜ. ದೊಡ್ಡ ಹೆಣ್ಣು ಮೀನೇ ಹೆಚ್ಚು ಮೊಟ್ಟೆಯಿಡುವ ತಾಯಿ. ಬಿಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬಿಟ್ಟೆನೆಂಬ ಹೆಮ್ಮೆಯಿಂದ ಎಣಿಕೆಯಿಲ್ಲದೆ ಹಿಡಿಯುವುದು ತಪ್ಪು.

ಮೇಷ್ಟ್ರುಗಳಾದ ನಾವಂತೂ ಈ ಮೀನಿಗೆ ಋಣಿಗಳು. 1670ರಲ್ಲಿ ಪ್ಲಿಮತ್ ವಸಾಹತು ಈ ಮೀನುಗಾರಿಕೆಯ ಆದಾಯವನ್ನೂ ಸೇರಿಸಿ ಉಚಿತ ಶಾಲೆ ನಡೆಸಲು ವ್ಯವಸ್ಥೆ ಮಾಡಿತು. ಅಂಥ ಮೀನು 1980ರ ಹೊತ್ತಿಗೆ ಕ್ಷೀಣಿಸಿತು. 1984ರಲ್ಲಿ ಕೇಂದ್ರದ ಕಾನೂನು ಬಂತು. ಮೇರಿಲ್ಯಾಂಡ್ ರಾಜ್ಯ 1985ರಿಂದ 1990ರವರೆಗೆ ಹಿಡಿಯುವುದನ್ನೇ ನಿಷೇಧಿಸಿತು. 1995ರಲ್ಲಿ ಸಂತತಿ ಚೇತರಿಸಿತೆಂದು ಘೋಷಿಸಲಾಯಿತು. 2019ರ ವರದಿಯಲ್ಲಿ ಮತ್ತೆ ಅತಿಬಳಕೆಯ ಎಚ್ಚರಿಕೆ.

ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಪುರಿ ಹಾಕುತ್ತೇವೆಯೇ ಹೊರತು ಬಾಯಿಗೆ ಕೊಕ್ಕೆ ಸಿಕ್ಕಿಸಿ ದಯೆ ತೋರುವುದಿಲ್ಲ. ನೀವು ಗಾಳವನ್ನೇ ಎಸೆದುಬಿಡಿ ಎಂದು ನಾನು ಹೇಳಿದರೂ ನೀವು ಕೇಳುವವರಲ್ಲ. ಇಷ್ಟಾದರೂ ಮಾಡಿ: ಕೊಕ್ಕೆಯ ಹಿಂಮುಳ್ಳನ್ನು ಚಪ್ಪಟೆ ಮಾಡಿ. ಗಟ್ಟಿ ಕೋಲಿನಿಂದ ಬೇಗ ಎಳೆದುಕೊಳ್ಳಿ. ಮೀನು ನೀರಿನಲ್ಲಿರುವಂತೆಯೇ ಬಿಡಿಸಿ. ನೀರು ಬೆಚ್ಚಗಾದ ದಿನಗಳಲ್ಲಿ ಹೋಗಬೇಡಿ. ನಾಲ್ಕು ಸಿಕ್ಕಿದ ಮೇಲೆ ದಾರ ಸುತ್ತಿ ದಡಕ್ಕೆ ಬನ್ನಿ.

ಮತ್ತು ನನಗೆ ಫೋಟೋ ಕಳುಹಿಸಬೇಡಿ. ನದಿಯಲ್ಲಿ ನಿಂತು ಏನು ಕಂಡಿರೆಂದು ನಾಲ್ಕು ಸಾಲು ಬರೆದು ಕಳುಹಿಸಿ. ತಪ್ಪಿದ್ದರೆ ಎಂದಿನಂತೆ ತಿದ್ದುತ್ತೇನೆ.

ನಿಮ್ಮ ಮೇಷ್ಟ್ರು